ಹಳೆಯ ಆಸನಕ್ಕೆ ಹೊಸ ಬಾಳು

ಮನೆಗೆ ಬಂದವರಿಗೆ ನಾವು ಮೊದಲು ಹೇಳುವ ಮಾತು 'ಬನ್ನಿ', ಎರಡನೆಯದು 'ಕುಳಿತುಕೊಳ್ಳಿ'. ದೇವರ ಪೂಜೆಯಲ್ಲಿಯೂ ಕ್ರಮವು ಇದೇ. ಆವಾಹನವಾದೊಡನೆ ಆಸನ; ಪಾದ್ಯ, ಅರ್ಘ್ಯ, ಆಚಮನಗಳೆಲ್ಲ ಆಮೇಲಿನವು. ಕೂಡಲು ಸ್ಥಳ ಕೊಡದೆ ಮಾಡಿದ ಉಪಚಾರವು ಉಪಚಾರವೇ ಅಲ್ಲವೆಂದು ನಮ್ಮ ಹಿರಿಯರು ಭಾವಿಸಿದ್ದರು. ಆದರೆ ಆ ಆಸನವನ್ನು ಮಾಡಿದವರು ಯಾರು, ಅದು ಎಷ್ಟು ಕಾಲ ಬಾಳತಕ್ಕದ್ದು, ಹಳೆಯದಾದಾಗ ಅದನ್ನು ಏನು ಮಾಡಬೇಕು ಎಂಬ ಪ್ರಶ್ನೆಗಳನ್ನು ನಾವು ಕೇಳಿಕೊಳ್ಳುವುದು ಅಪರೂಪ.

ನಮ್ಮನ್ನು ಈ ವಿಚಾರಕ್ಕೆ ತಿರುಗಿಸಿದುದು ಮನೆಯಲ್ಲಿಯೇ ನಡೆದ ಒಂದು ಸಣ್ಣ ಸಂಗತಿ. ನಮ್ಮ ಪಡಸಾಲೆಯಲ್ಲಿ ತಾತನವರ ಕಾಲದ ಎರಡು ಕುರ್ಚಿಗಳಿದ್ದವು. ತೇಗದ ಚೌಕಟ್ಟು, ಬೆತ್ತದ ಹೆಣಿಗೆ, ಅಗಲವಾದ ಕೈಗಳು. ಕೆಲವು ವರ್ಷಗಳ ಹಿಂದೆ ಒಂದರ ಬೆತ್ತವು ಹರಿದುಹೋಯಿತು. ಅದನ್ನು ಕೆಲವು ತಿಂಗಳು ಅಟ್ಟದ ಮೇಲಿಟ್ಟಿದ್ದು, ಕೊನೆಗೆ ಒಂದು ಭಾನುವಾರ ಬೀದಿಯಲ್ಲಿ ಕೂಗುತ್ತ ಬಂದ ಹಳೆಯ ಸಾಮಾನಿನವನಿಗೆ ಕೊಟ್ಟುಬಿಟ್ಟೆವು. ಬಂದ ಹಣವು ಆ ದಿನದ ತರಕಾರಿಗೂ ಸಾಲಲಿಲ್ಲ. ಈಚೆಗೆ ಎರಡನೆಯದರ ಬೆತ್ತವೂ ಹರಿದಾಗ ಅದನ್ನೂ ಅದೇ ದಾರಿಗೆ ಕಳುಹಿಸಲು ಹೊರಟೆವು. ಆಗ ನಮ್ಮ ತಾಯಿಯವರು ಬಾಗಿಲಲ್ಲಿ ನಿಂತು, "ಮೊದಲನೆಯದನ್ನು ಕೊಟ್ಟ ದಿನ ನನ್ನನ್ನು ಯಾರೂ ಕೇಳಲಿಲ್ಲ. ಇದನ್ನಾದರೂ ಕೇಳಿ ಕೊಡಿ" ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದರಿಂದಲೇ ಅದು ನಮಗೆ ಹೆಚ್ಚಾಗಿ ನಾಟಿತು. ಕುರ್ಚಿಯು ಮತ್ತೆ ಅಟ್ಟವನ್ನೇರಿತು.

ಅದೇ ದಿನಗಳಲ್ಲಿ ನಾವು ಇಟಲಿ ದೇಶದ ಪೀಠೋಪಕರಣಗಳ ವಿಷಯವಾಗಿ ಓದುತ್ತಿದ್ದೆವು. ಅಲ್ಲಿಯ ಹೆಸರಾಂತ ಕಾರಖಾನೆಗಳು ವರ್ಷವರ್ಷವೂ ಹೊಸ ಮಾದರಿಗಳನ್ನು ಹೊರತರುವುದರ ಜೊತೆಗೆ, ಐವತ್ತು ಎಂಬತ್ತು ವರ್ಷಗಳ ಹಿಂದಿನ ಮಾದರಿಗಳನ್ನು ಹುಡುಕಿ ತೆಗೆದು ಮತ್ತೆ ತಯಾರಿಸುತ್ತಿವೆ ಎಂಬುದನ್ನು ಓದಿ ನಮಗೆ ಸೋಜಿಗವಾಯಿತು. ನಾವು ಗುಜರಿಗೆ ಹಾಕುವುದನ್ನು ಅವರು ಪುನರುದ್ಧಾರ ಮಾಡುವರೇಕೆ? ಇದರಲ್ಲಿ ಕಲೆಯೆಷ್ಟು, ವ್ಯಾಪಾರವೆಷ್ಟು? ಇದನ್ನು ವಿಚಾರಿಸುವುದಕ್ಕೆ ಕಸ್ಸೀನಾ ಎಂಬ ಒಂದು ಕಾರಖಾನೆಯ ಚರಿತ್ರೆಯನ್ನು ವಾಚಕರ ಮುಂದಿಡುತ್ತೇವೆ.

ಬ್ರಿಯಾಂಜದ ಬಡಗಿಗಳು

ಮಿಲಾನ್ ನಗರದಿಂದ ಉತ್ತರಕ್ಕೆ, ಕೋಮೋ ಸರೋವರದ ದಿಕ್ಕಿನಲ್ಲಿ ಹೋದರೆ ಬ್ರಿಯಾಂಜವೆಂಬ ಸೀಮೆ ಸಿಗುತ್ತದೆ. ಕಾಂತೂ, ಲಿಸೋನೆ, ಮೇದಾ, ಜುಸ್ಸಾನೊ ಮೊದಲಾದ ಅಲ್ಲಿಯ ಊರುಗಳಿಗೆ ಮರಗೆಲಸವೇ ಜೀವಾಳ. ಒಂದು ಮನೆಯವರು ಚೌಕಟ್ಟು ಮಾಡಿದರೆ, ಪಕ್ಕದ ಮನೆಯವರು ಕೆತ್ತನೆ ಮಾಡುವರು, ಮತ್ತೊಬ್ಬರು ಮೆತ್ತೆ ಹೊಲಿಯುವರು. ಹೀಗೆ ಒಂದು ಕುರ್ಚಿಯು ಹಲವು ಬಾಗಿಲುಗಳನ್ನು ಹಾದು ಸಿದ್ಧವಾಗುವ ಪದ್ಧತಿಯು ಅಲ್ಲಿ ತಲೆಮಾರುಗಳಿಂದ ಬಂದುದು.

ಈ ಸೀಮೆಯ ಮೇದಾ ಊರಿನಲ್ಲಿ ೧೯೨೭ರಲ್ಲಿ ಚೇಸರೆ ಮತ್ತು ಉಂಬೆರ್ತೊ ಕಸ್ಸೀನಾ ಎಂಬ ಸಹೋದರರು ತಮ್ಮ ಕಾರಖಾನೆಯನ್ನು ಆರಂಭಿಸಿದರು. ಮರದ ಚಿಕ್ಕ ಮೇಜು ಮೊದಲಾದ ಗೃಹೋಪಯೋಗಿ ಸಾಮಾನುಗಳು ಅವರ ಮೊದಲ ತಯಾರಿಕೆಗಳು. ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಇಟಲಿಯ ಪ್ರಯಾಣಿಕರ ಹಡಗುಗಳಿಗೆ ಆಸನ, ಮೇಜುಗಳನ್ನು ಒದಗಿಸುವ ದೊಡ್ಡ ಕೆಲಸಗಳು ಅವರಿಗೆ ದೊರೆತವು. ಹಡಗಿನ ಕೆಲಸವೆಂದರೆ ಒಂದೇ ಬಗೆಯ ನೂರಾರು ಸಾಮಾನುಗಳು. ಹೇಳಿದ ದಿನಕ್ಕೆ ಸಿದ್ಧವಾಗಬೇಕು, ಒಂದಕ್ಕೊಂದು ಕೂದಲೆಳೆಯಷ್ಟೂ ಭೇದವಿರಬಾರದು. ಈ ಶಿಸ್ತಿನಿಂದ ಬಡಗಿಯ ಕೊಟ್ಟಿಗೆಯು ಕಾರಖಾನೆಯಾಯಿತು. ಆದರೆ ಉಳಿ ಬಾಚಿಗಳ ಕೈಚಳಕವು ಹೋಗಲಿಲ್ಲ. ಮೇದಾದಲ್ಲಿ ಕಸ್ಸೀನಾ ಸಂಸ್ಥೆಯ ಮರಗೆಲಸದ ಕಾರ್ಯಾಗಾರವು ಇಂದಿಗೂ ನಡೆಯುತ್ತಿದೆ.

ಒಂದೇ ಬೆರಳಿಗೆ ಏಳುವ ಕುರ್ಚಿ

ಆ ಕಾಲದಲ್ಲಿ ಈ ಕಾರಖಾನೆಯ ಜೊತೆಗೂಡಿದವರಲ್ಲಿ ಪ್ರಮುಖನು ಜೋ ಪೊಂತಿ. ೧೮೯೧ರಲ್ಲಿ ಮಿಲಾನಿನಲ್ಲಿ ಹುಟ್ಟಿ ೧೯೭೯ರಲ್ಲಿ ತೀರಿಕೊಂಡ ಈತನು ವಾಸ್ತುಶಿಲ್ಪಿ; ೧೯೨೮ರಲ್ಲಿ 'ದೋಮುಸ್' ಎಂಬ ಮಾಸಪತ್ರಿಕೆಯನ್ನು ಸ್ಥಾಪಿಸಿದವನು. ದೋಮುಸ್ ಎಂದರೆ ಮನೆಯೆಂದೇ ಅರ್ಥ. ಮಹಲುಗಳನ್ನು ಕಟ್ಟಿದ ಈ ಮನುಷ್ಯನು ಚಮಚ, ದೀಪ, ಬಾಗಿಲ ಹಿಡಿಗಳನ್ನೂ ಅಷ್ಟೇ ಶ್ರದ್ಧೆಯಿಂದ ರೂಪಿಸಿದನು.

ಪೊಂತಿಯ ಮನಸ್ಸನ್ನು ಸೆಳೆದುದು ಲಿಗೂರಿಯ ಪ್ರಾಂತದ ಕಿಯಾವರಿ ಎಂಬ ಕಡಲೂರಿನ ಬಡ ಕುರ್ಚಿ. ೧೮೦೭ರಲ್ಲಿ ಆ ಊರಿನ ಜುಸೆಪ್ಪೆ ಗಯೆತಾನೊ ದೆಸ್ಕಾಲ್ಸಿ ಎಂಬ ಬಡಗಿಯು ಪ್ಯಾರಿಸ್ಸಿನ ಶೈಲಿಯ ಕುರ್ಚಿಗಳನ್ನು ನೋಡಿ, ಅವುಗಳ ಅಲಂಕಾರವನ್ನೆಲ್ಲ ಕಳೆದು, ತೆಳ್ಳಗಿನ ಕೋಲುಗಳಿಂದ ಅತ್ಯಂತ ಹಗುರವಾದ ಕುರ್ಚಿಯೊಂದನ್ನು ಮಾಡಿದನು. ಅದು ಊರೂರಿಗೆ ಹರಡಿತು. ಒಂದೂವರೆ ಶತಮಾನವಾದ ಮೇಲೆ ಪೊಂತಿಯು ಇದನ್ನೇ ಮುಂದಿಟ್ಟುಕೊಂಡು, ಇನ್ನೂ ಏನೇನನ್ನು ಕಳೆಯಬಹುದೆಂದು ಯೋಚಿಸಿದನು. ವಿಶೇಷಣಗಳಿಲ್ಲದ, ಬರಿಯ ಕುರ್ಚಿಯಾದ ಕುರ್ಚಿಯೊಂದು ಬೇಕೆಂಬುದು ಅವನ ಹಂಬಲವಾಗಿತ್ತು. ಮೊದಲು 'ಲೆಜ್ಜೆರಾ' ಎಂಬ ಹಗುರ ಕುರ್ಚಿ ಬಂದಿತು. ಅನಂತರ ೧೯೫೭ರಲ್ಲಿ 'ಸೂಪರ್‌ಲೆಜ್ಜೆರಾ', ಎಂದರೆ ಅತಿಹಗುರ ಕುರ್ಚಿ, ಹೊರಬಿದ್ದಿತು.

ಇದರ ತೂಕ ೧.೭ ಕಿಲೋಗ್ರಾಂ, ನೀರು ತುಂಬಿದ ಒಂದು ದೊಡ್ಡ ತಂಬಿಗೆಯ ತೂಕಕ್ಕಿಂತ ಹೆಚ್ಚಿಲ್ಲ. ಆಷ್ ಎಂಬ ಬಿಳಿಚು ಮರದ ಕಾಲುಗಳು ದುಂಡಗಿಲ್ಲ, ಚೌಕವೂ ಅಲ್ಲ. ಅವು ಮುಮ್ಮೂಲೆಯಾಗಿದ್ದು ೧೮ ಮಿಲಿಮೀಟರಿನಷ್ಟೇ ದಪ್ಪವಾಗಿವೆ. ಎಲ್ಲಿ ಭಾರ ಬೀಳುವುದೋ ಅಲ್ಲಿ ಮರವನ್ನು ಉಳಿಸಿ, ಬೀಳದ ಕಡೆ ಕಳೆಯಲಾಗಿದೆ. ಒಬ್ಬ ಚಿಕ್ಕ ಹುಡುಗನು ಇದನ್ನು ಒಂದೇ ಬೆರಳಿನಿಂದ ಎತ್ತಿಹಿಡಿದ ಚಿತ್ರವು ಅಂದಿನ ಜಾಹೀರಾತಿನಲ್ಲಿ ಪ್ರಸಿದ್ಧವಾಯಿತು. ಪರೀಕ್ಷೆಗಾಗಿ ನಾಲ್ಕನೆಯ ಅಂತಸ್ತಿನಿಂದ ಎಸೆದಾಗ ಈ ಕುರ್ಚಿಯು ಮುರಿಯದೆ ಚೆಂಡಿನಂತೆ ಪುಟಿಯಿತೆಂದೂ ಹೇಳುವುದುಂಟು. ಕತೆಯೋ ನಿಜವೋ, ಕೀಲುಗಳು ಸರಿಯಾಗಿ ಕೂಡದ ಕುರ್ಚಿಯ ವಿಷಯದಲ್ಲಿ ಇಂತಹ ಕತೆಗಳು ಹುಟ್ಟುವುದಿಲ್ಲ.

ಇದರ ಕೂರುವ ಭಾಗವು ಬೆತ್ತದ ಹೆಣಿಗೆ. ಇಟಲಿಯವರ ಮಾತಿನಲ್ಲಿ ಬೆತ್ತಕ್ಕೆ 'ಕಾನ್ನಾ ದಿಂದಿಯಾ' ಎಂದು ಹೆಸರು. ಹಾಗೆಂದರೆ ಭಾರತದ ಜೊಂಡು. ಯಾವ ಕಾಲದಲ್ಲಿ ಯಾವ ಹಡಗಿನಲ್ಲಿ ಪೂರ್ವದಿಕ್ಕಿನ ಬೆತ್ತವು ಅಲ್ಲಿಗೆ ಹೋಯಿತೋ, ಹೆಸರಿನಲ್ಲಿ ಮಾತ್ರ ನಮ್ಮ ದೇಶವು ಉಳಿದುಕೊಂಡಿದೆ. ಇದನ್ನು ಓದಿದಾಗ ಅಟ್ಟದ ಮೇಲಿನ ನಮ್ಮ ಕುರ್ಚಿಯ ನೆನಪು ಬಾರದೆ ಇರಲಿಲ್ಲ.

ಗುರುಗಳ ಮಾಲೆ

ಸೂಪರ್‌ಲೆಜ್ಜೆರಾ ಹೊಸದಾಗಿ ಹುಟ್ಟಿದುದು. ಹಳೆಯದನ್ನು ಮತ್ತೆ ಮಾಡುವ ಕೆಲಸಕ್ಕೆ ಕಸ್ಸೀನಾದವರು ಕೈಹಾಕಿದುದು ೧೯೬೪ರಲ್ಲಿ. ಆ ವರ್ಷ ಅವರು ಲ ಕಾರ್ಬ್ಯೂಸಿಯೆ, ಪಿಯೇರ್ ಜಾನ್ನರೆ, ಶಾರ್ಲತ್ ಪೆರಿಯಾಂ ಈ ಮೂವರು ಕೂಡಿ ರೂಪಿಸಿದ್ದ ಉಕ್ಕಿನ ಕೊಳವೆಯ ಆಸನಗಳನ್ನು ತಯಾರಿಸುವ ಹಕ್ಕನ್ನು ಪಡೆದರು. ಆ ಆಸನಗಳು ೧೯೨೯ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಕಾಣಿಸಿಕೊಂಡು ಬೆರಗು ಹುಟ್ಟಿಸಿದ್ದರೂ ಕೊಳ್ಳುವವರು ಹೆಚ್ಚಿರಲಿಲ್ಲ. ಮೂವತ್ತೈದು ವರ್ಷಗಳಾದ ಮೇಲೆ ಒಂದು ಇಟಲಿಯ ಕಾರಖಾನೆಯು ಅವುಗಳಿಗೆ ಕಾಲ ಕೂಡಿಬಂದಿತೆಂದು ಗುರುತಿಸಿತು.

ಪೆರಿಯಾಂಳ ಸಂಗತಿಯನ್ನು ನಮ್ಮ ಗೃಹಿಣಿಯರು ವಿಶೇಷವಾಗಿ ಗಮನಿಸಬೇಕು. ಆಕೆಯು ೧೯೨೭ರಲ್ಲಿ, ತನ್ನ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಕಾರ್ಬ್ಯೂಸಿಯೆಯ ಕಚೇರಿಗೆ ಕೆಲಸ ಕೇಳಿಕೊಂಡು ಹೋದಳು. ಇಲ್ಲಿ ದಿಂಬುಗಳ ಮೇಲೆ ಕಸೂತಿ ಹಾಕುವ ಕೆಲಸವಿಲ್ಲವೆಂದು ಹೇಳಿ ಆತನು ಕಳುಹಿಸಿಬಿಟ್ಟನೆಂದು ಆಕೆಯೇ ಮುಂದೆ ನೆನೆಯುತ್ತಿದ್ದಳು. ಕೆಲವು ತಿಂಗಳಲ್ಲಿ ಅವಳ ಕೆಲಸವನ್ನು ಪ್ರದರ್ಶನವೊಂದರಲ್ಲಿ ಕಂಡು ತಾನೇ ಕರೆಸಿಕೊಂಡನು. ಆ ಉಕ್ಕಿನ ಆಸನಗಳ ರಚನೆಯಲ್ಲಿ ಆಕೆಯ ಪಾಲು ದೊಡ್ಡದು. ಆದರೂ ಬಹುಕಾಲ ಜನರು ಅವನ್ನು ಒಬ್ಬನೇ ಗುರುವಿನ ಹೆಸರಿನಿಂದ ಕರೆದರು. ಇಂದು ಕಸ್ಸೀನಾದವರು ಮೂವರ ಹೆಸರನ್ನೂ ಹೇಳುತ್ತಾರೆ. ಆಕೆಯು ೧೯೯೯ರವರೆಗೆ ಬದುಕಿದ್ದು ಈ ನ್ಯಾಯವು ಮೆಲ್ಲಮೆಲ್ಲಗೆ ನಡೆಯುವುದನ್ನು ಕಂಡಳು.

ಈ ಯತ್ನವು ಫಲಿಸಿದ್ದರಿಂದ ೧೯೭೩ರಲ್ಲಿ 'ಇ ಮಾಯೆಸ್ತ್ರಿ', ಎಂದರೆ 'ಗುರುಗಳು', ಎಂಬ ಮಾಲೆಯು ರೂಪುಗೊಂಡಿತು. ಫಿಲಿಪ್ಪೊ ಅಲಿಸೋನ್ ಎಂಬ ನೇಪಲ್ಸಿನ ಪ್ರಾಧ್ಯಾಪಕರು ಇದರ ಹಿಂದಿನ ವಿದ್ವಾಂಸರು. ಸ್ಕಾಟ್ಲೆಂಡಿನ ಮ್ಯಾಕಿಂಟಾಷನ ೧೯೦೨ರ ಎತ್ತರ ಬೆನ್ನಿನ ಕುರ್ಚಿ, ಡಚ್ಚರ ರೀಟ್‌ವೆಲ್ಡನ ಕೆಂಪು ನೀಲಿ ಕುರ್ಚಿ ಮೊದಲಾದವು ಇದರಲ್ಲಿ ಸೇರಿದವು. ಮುಂದೆ ಇಟಲಿಯವನೇ ಆದ ಫ್ರಾಂಕೊ ಅಲ್ಬೀನಿಯ ಕೃತಿಗಳೂ ಬಂದವು.

ಪುನರುದ್ಧಾರವೆಂದರೇನು?

ಹಳೆಯ ಕುರ್ಚಿಯೊಂದನ್ನು ಮುಂದಿಟ್ಟುಕೊಂಡು ಅಳತೆ ತೆಗೆದು ಅದರಂತೆ ಇನ್ನೊಂದನ್ನು ಮಾಡುವುದೇನು ದೊಡ್ಡ ವಿದ್ಯೆಯೆಂದು ವಾಚಕರು ಕೇಳಬಹುದು. ನಮಗೂ ಮೊದಲು ಹಾಗೆಯೇ ತೋರಿತು. ಆದರೆ ವಿಚಾರಿಸಿದರೆ ತೊಡಕುಗಳು ಒಂದೊಂದಾಗಿ ಕಾಣುತ್ತವೆ.

ಮೊದಲನೆಯದು, ಮೂಲವು ಯಾವುದು? ನಕ್ಷೆಯಲ್ಲಿ ಒಂದು ಅಳತೆ, ಉಳಿದ ಕುರ್ಚಿಯಲ್ಲಿ ಇನ್ನೊಂದು ಇರುವುದುಂಟು. ಕರ್ತೃವೇ ಎರಡನೆಯ ಸಲ ಮಾಡಿಸಿದಾಗ ತಿದ್ದಿರಬಹುದು. ಹೀಗಾಗಿ ಕರ್ತೃವಿನ ವಾರಸುದಾರರು, ಅವನ ಹೆಸರಿನ ಪ್ರತಿಷ್ಠಾನಗಳು, ಹಳೆಯ ಭಾವಚಿತ್ರಗಳು ಇವನ್ನೆಲ್ಲ ವಿಚಾರಿಸಿ ನಿರ್ಧರಿಸಬೇಕಾಗುತ್ತದೆ. ಗ್ರಂಥಸಂಪಾದಕನು ತಾಳೆಗರಿಯ ಪಾಠಾಂತರಗಳನ್ನು ಹೋಲಿಸುವ ಕೆಲಸಕ್ಕೂ ಇದಕ್ಕೂ ಹೆಚ್ಚು ಭೇದವಿಲ್ಲ.

ಎರಡನೆಯದು, ಮೂಲದಲ್ಲಿಯೇ ದೋಷವಿದ್ದರೆ? ಅಲ್ಬೀನಿಯು ೧೯೪೦ರಲ್ಲಿ ತನ್ನ ಮನೆಗಾಗಿ ಒಂದು ಪುಸ್ತಕದ ಗೂಡನ್ನು ಮಾಡಿಕೊಂಡನು. ಅದರ ಹೆಸರು 'ವೆಲಿಯೆರೊ', ಹಾಯಿಹಡಗು. ಎರಡು ಮರದ ಕಂಬಗಳು ಪಟಸ್ತಂಭಗಳಂತೆ ನಿಂತು, ಉಕ್ಕಿನ ತಂತಿಗಳ ಬಿಗಿತದಿಂದ ಗಾಜಿನ ಹಲಗೆಗಳನ್ನು ಎತ್ತಿಹಿಡಿಯುತ್ತವೆ. ನೋಡಿದರೆ ಪುಸ್ತಕಗಳು ಗಾಳಿಯಲ್ಲಿ ತೇಲುವಂತೆ ತೋರುವುದು. ಆದರೆ ಆ ಮೂಲಕೃತಿಯು ಒಂದು ದಿನ ಕುಸಿದುಬಿತ್ತೆಂದು ಹೇಳುತ್ತಾರೆ. ಕಸ್ಸೀನಾದವರು ೧೯೭೭ರಲ್ಲಿ ತೀರಿಹೋದ ಆ ಶಿಲ್ಪಿಯ ಆಲೋಚನೆಯನ್ನು ಬಿಡದೆ, ಬಿಗಿತದ ಲೆಕ್ಕವನ್ನು ಹೊಸದಾಗಿ ಮಾಡಿ, ಒಡೆದರೂ ಚೂರು ಸಿಡಿಯದ ಗಾಜನ್ನು ಬಳಸಿ, ೨೦೧೧ರಲ್ಲಿ ಅದನ್ನು ಮತ್ತೆ ಕಟ್ಟಿದರು. ಹಿರಿಯರ ಮಾತನ್ನು ಉಳಿಸುವುದೆಂದರೆ ಅವರ ತಪ್ಪನ್ನೂ ಉಳಿಸುವುದೆಂದು ಅರ್ಥವಲ್ಲ.

ಮೂರನೆಯದು ದ್ರವ್ಯದ ಪ್ರಶ್ನೆ. ಹಳೆಯ ಸಾಮಾನುಗಳಲ್ಲಿ ಎಷ್ಟೋ ಬೀಟೆಯ ಜಾತಿಯ ಮರದವು. ಬ್ರೆಜಿಲ್ ದೇಶದ ಬೀಟೆಯ ವ್ಯಾಪಾರವನ್ನು ೧೯೯೨ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದಿಂದ ನಿಷೇಧಿಸಲಾಯಿತು. ೨೦೧೭ರಿಂದ ನಮ್ಮ ಮಲೆನಾಡಿನ ಬೀಟೆಯೂ ಸೇರಿ ಆ ಕುಲದ ಮರಗಳೆಲ್ಲ ನಿಯಂತ್ರಣದ ಪಟ್ಟಿಗೆ ಬಂದವು. ಕಾಡು ಬರಿದಾದ ಮೇಲೆ ಕುರ್ಚಿಯು ಮೂಲದಂತೆಯೇ ಇರಬೇಕೆಂದು ಹಟ ಹಿಡಿಯುವುದು ತರವಲ್ಲ. ಆದುದರಿಂದ ಪುನರುದ್ಧಾರವಾದ ಮಾದರಿಗಳಲ್ಲಿ ಬೇರೆ ಮರಗಳು ಬಂದಿವೆ.

ಇದಕ್ಕೆ ಮತ್ತೊಂದು ನಿದರ್ಶನವುಂಟು. ಆಫ್ರಾ ಮತ್ತು ತೋಬಿಯಾ ಸ್ಕಾರ್ಪಾ ಎಂಬ ದಂಪತಿಗಳು ೧೯೬೯ರಲ್ಲಿ 'ಸೊರಿಯಾನಾ' ಎಂಬ ಸೋಫಾವನ್ನು ರೂಪಿಸಿದರು. ಮೆತ್ತನೆಯ ರಾಶಿಯೊಂದಕ್ಕೆ ದೊಡ್ಡ ಬಟ್ಟೆಯನ್ನು ಹೊದಿಸಿ, ಮೂಟೆ ಕಟ್ಟುವಂತೆ ಲೋಹದ ಬಳ್ಳಿಯೊಂದರಿಂದ ಬಿಗಿದು ಹಿಡಿದಿರುವುದೇ ಅದರ ರಹಸ್ಯ. ೧೯೭೦ರಲ್ಲಿ ಅದಕ್ಕೆ ಇಟಲಿಯ 'ಸುವರ್ಣ ಕೈವಾರ'ವೆಂಬ ಪಾರಿತೋಷಕವು ಸಂದಿತು. ಬಳಿಕ ತಯಾರಿಕೆಯು ನಿಂತುಹೋಗಿ, ೨೦೨೧ರಲ್ಲಿ ಮತ್ತೆ ಆರಂಭವಾಯಿತು. ಹೊರನೋಟಕ್ಕೆ ಅದೇ ಸೊರಿಯಾನಾ. ಒಳಗಿನ ಮೆತ್ತೆಯಲ್ಲಿ ಮಾತ್ರ ಬಳಸಿ ಬಿಸುಟ ಪ್ಲಾಸ್ಟಿಕ್ಕಿನಿಂದ ಮಾಡಿದ ಎಳೆಗಳೂ ಸೇರಿವೆ.

ಇದು ಕಸ್ಸೀನಾದವರೊಬ್ಬರ ಮಾರ್ಗವಲ್ಲ. ಮೊಲ್ತೇನಿ ಎಂಬ ಸಂಸ್ಥೆಯು ೨೦೧೨ರಿಂದ ಪೊಂತಿಯ ಇತರ ಮಾದರಿಗಳನ್ನು ಅವನ ವಾರಸುದಾರರ ಒಪ್ಪಿಗೆಯಿಂದ ತಯಾರಿಸುತ್ತಿದೆ. ಮಾರಿಯೊ ಬೆಲ್ಲೀನಿಯು ೧೯೭೦ರಲ್ಲಿ ರೂಪಿಸಿದ, ತುಂಡುತುಂಡಾಗಿ ಕಳಚಿ ಬೇಕಾದಂತೆ ಜೋಡಿಸಿಕೊಳ್ಳಬಹುದಾದ 'ಕಮಲೆಯೊಂದಾ' ಸೋಫಾವನ್ನು ಬಿ ಅಂಡ್ ಬಿ ಇಟಾಲಿಯಾದವರು ೨೦೨೦ರಲ್ಲಿ ಮರಳಿ ತಂದರು. ಟ್ರ್ಯಾಕ್ಟರಿನ ಪೀಠವನ್ನೇ ಎತ್ತಿ ಕಮಾನಿನ ಕಾಲಿಗೆ ಕೂರಿಸಿದ ಕಾಸ್ತಿಲ್ಯೋನಿ ಸಹೋದರರ ೧೯೫೭ರ 'ಮೆತ್ಸಾದ್ರೊ' ಅಂದು ಪ್ರದರ್ಶನದ ವಿನೋದವಾಗಿತ್ತು. ಅದನ್ನು ಮನೆಯ ಆಸನವೆಂದು ನಂಬಿ ಬಹಳ ವರ್ಷಗಳ ಮೇಲೆ ತಯಾರಿಕೆಗೆ ತೆಗೆದುಕೊಂಡವರು ಜಾನೊತ್ತಾ ಸಂಸ್ಥೆಯವರು.

ಹೊಸ ಸಂಗ್ರಹಗಳು

ಹಾಗಾದರೆ ಹೊಸತೇನೂ ಹುಟ್ಟುವುದಿಲ್ಲವೋ? ಹುಟ್ಟುತ್ತದೆ. ೧೯೬೧ರಿಂದ ಮಿಲಾನಿನಲ್ಲಿ ಪೀಠೋಪಕರಣಗಳ ಮಹಾಮೇಳವೊಂದು ನಡೆದುಬಂದಿದೆ. ಜಾತ್ರೆಗೆ ತೇರು ಕಟ್ಟುವಂತೆ ಅಲ್ಲಿಯ ಕಾರಖಾನೆಗಳು ಆ ಮೇಳಕ್ಕೆ ಹೊಸ ಸಂಗ್ರಹಗಳನ್ನು ಸಿದ್ಧಪಡಿಸುತ್ತವೆ. ಕಸ್ಸೀನಾದವರ ಕಲಾನಿರ್ದೇಶನವನ್ನು ೨೦೧೫ರಲ್ಲಿ ಸ್ಪೇಯಿನ್ ದೇಶದಲ್ಲಿ ಹುಟ್ಟಿದ ಪತ್ರೀಸಿಯಾ ಉರ್ಕಿಯೋಲಾ ಎಂಬ ಮಹಿಳೆಯು ವಹಿಸಿಕೊಂಡಳು. ಆಕೆಯ ೨೦೨೧ರ 'ದುದೆತ್' ಎಂಬ ಪುಟ್ಟ ಆಸನವು, ಬಾಗಿದ ಕೊಳವೆಗಳೇ ಕಾಲೂ ಕೈಯೂ ಬೆನ್ನೂ ಆದಂತೆ ದುಂಡುದುಂಡಾಗಿದೆ. ಬಾಳಿಕೆ ಮುಗಿದ ಮೇಲೆ ಅದರ ಭಾಗಗಳನ್ನು ಸುಲಭವಾಗಿ ಬೇರ್ಪಡಿಸಲು ಸಾಧ್ಯವಾಗಬೇಕೆಂಬುದನ್ನು ರಚಿಸುವಾಗಲೇ ಯೋಚಿಸಲಾಗಿದೆ. ಒಂದು ಸಾಮಾನು ಹುಟ್ಟುವ ಮುನ್ನವೇ ಅದರ ಕೊನೆಯನ್ನು ಯೋಚಿಸುವುದು ಈ ಕಾಲದ ಧರ್ಮವೆನ್ನಬಹುದು.

ಆದರೆ ನಾವು ಬರಿಯ ಹೊಗಳಿಕೆಯನ್ನು ಬರೆದರೆ ವಾಚಕರಿಗೆ ಅನ್ಯಾಯವಾಗುವುದು. ಹಳೆಯ ಮಾದರಿಯು ವ್ಯಾಪಾರಿಗೆ ಹೆಚ್ಚು ಸುರಕ್ಷಿತ. ಅದರ ಕೀರ್ತಿಯು ಆಗಲೇ ಸಿದ್ಧವಾಗಿದೆ. ಹೆಸರಿಲ್ಲದ ತರುಣನ ಮೇಲೆ ಹಣ ಹೂಡುವುದಕ್ಕಿಂತ ಗತಿಸಿದ ಗುರುವಿನ ಮೇಲೆ ಹೂಡುವುದು ಸುಲಭ. ಗುರುಗಳ ಮಾಲೆಯು ಬೆಳೆದಷ್ಟೂ ಶಿಷ್ಯರ ಸ್ಥಳವು ಕಿರಿದಾಗುವ ಅಪಾಯವುಂಟು. ೧೯೫೭ರಲ್ಲಿ ಚೇಸರೆ ಕಸ್ಸೀನಾ ತನ್ನ ಕಾಲದ ಮನುಷ್ಯನನ್ನು ನಂಬದಿದ್ದರೆ ಇಂದು ಹೆಮ್ಮೆಪಡಲು ಸೂಪರ್‌ಲೆಜ್ಜೆರಾ ಎಲ್ಲಿರುತ್ತಿತ್ತು?

ಬೆಲೆಯ ಮಾತೂ ಹಾಗೆಯೇ. ಕಿಯಾವರಿಯ ಕುರ್ಚಿಯು ಸಾಮಾನ್ಯರದು. ಪೊಂತಿಯ ಕುರ್ಚಿಯೂ ಸಾಮಾನ್ಯರ ಮನೆಯನ್ನು ಉದ್ದೇಶಿಸಿ ಹುಟ್ಟಿದುದು. ಇಂದು ಅದು ಸಾಮಾನ್ಯ ಗೃಹಸ್ಥನ ಕೈಗೆ ಎಟುಕುವಂತಿಲ್ಲ. ಕಾರಖಾನೆಯೂ ಮನೆತನದ ಕೈಯಲ್ಲಿ ಉಳಿದಿಲ್ಲ. ೨೦೦೫ರಲ್ಲಿ ಪೊಲ್ತ್ರೋನಾ ಫ್ರಾವು ಎಂಬ ಇನ್ನೊಂದು ಇಟಲಿಯ ಸಂಸ್ಥೆಯು ಇದನ್ನು ಕೊಂಡಿತು. ೨೦೧೪ರಲ್ಲಿ ಆ ಸಂಸ್ಥೆಯೇ ಅಮೆರಿಕಾದ ಹಾವರ್ತ್ ಎಂಬವರ ವಶಕ್ಕೆ ಹೋಯಿತು.

ಬೆಲೆಯು ಏರಿದಲ್ಲಿ ನಕಲು ಹುಟ್ಟದೆ ಇರದು. ಕಸ್ಸೀನಾದವರು ತಮ್ಮ ಗುರುಮಾಲೆಯ ಆಸನಗಳಿಗೆ ಕರ್ತೃವಿನ ಸಹಿಯನ್ನೂ ಕ್ರಮಸಂಖ್ಯೆಯನ್ನೂ ಒತ್ತುವುದು ಇದಕ್ಕಾಗಿಯೇ. ಬ್ರಿಟನ್ನಿನಲ್ಲಿ, ಯಂತ್ರದಿಂದ ತಯಾರಾದ ಇಂತಹ ಮಾದರಿಗಳಿಗೆ ಮೊದಲು ೨೫ ವರ್ಷಗಳ ರಕ್ಷಣೆ ಮಾತ್ರವಿತ್ತು. ೨೦೧೬ರಲ್ಲಿ ಆ ನಿಯಮವನ್ನು ತೆಗೆದುಹಾಕಿ, ಕಲಾಕೃತಿಗಳೆನಿಸಿದವುಗಳಿಗೆ ಕರ್ತೃವಿನ ಮರಣಾನಂತರ ೭೦ ವರ್ಷಗಳವರೆಗೆ ರಕ್ಷಣೆ ಕೊಟ್ಟರು. ಕವಿಗೆ ಇರುವ ಹಕ್ಕು ಬಡಗಿಗೂ ಇರಬೇಕೆಂಬ ತತ್ತ್ವವು ಒಪ್ಪತಕ್ಕದ್ದೇ. ಆದರೆ ಮಾದರಿಯನ್ನು ಬರೆದವನ ಹೆಸರು ಉಳಿದು, ಅದನ್ನು ಕೈಯಿಂದ ಕಡೆದವನ ಹೆಸರು ಅಳಿಸಿಹೋಗುವುದೇಕೆ ಎಂಬ ಪ್ರಶ್ನೆ ಆಗಲೂ ಉಳಿಯುತ್ತದೆ. ಆ ಪ್ರಶ್ನೆಯು ನಮ್ಮನ್ನು ನಮ್ಮ ದೇಶಕ್ಕೇ ಕರೆತರುತ್ತದೆ.

ಚಂಡೀಗಢದ ಪಾಠ

ಮೇಲೆ ಹೇಳಿದ ಪಿಯೇರ್ ಜಾನ್ನರೆಯು ಕಾರ್ಬ್ಯೂಸಿಯೆಯ ದಾಯಾದಿ. ದೇಶವಿಭಜನೆಯಲ್ಲಿ ಲಾಹೋರನ್ನು ಕಳೆದುಕೊಂಡ ಪಂಜಾಬಿಗೆ ಚಂಡೀಗಢವೆಂಬ ಹೊಸ ರಾಜಧಾನಿಯನ್ನು ಕಟ್ಟುವಾಗ, ೧೯೫೧ರಿಂದ ೧೯೬೫ರವರೆಗೆ ಆತನು ಅಲ್ಲಿಯೇ ನೆಲಸಿದ್ದನು. ಕಟ್ಟಡಗಳು ಎದ್ದವು; ಒಳಗೆ ಕೂಡಲು ಆಸನಗಳು ಬೇಕಾದವು. ಹೊರದೇಶದಿಂದ ತರಿಸಲು ಹಣವೆಲ್ಲಿ? ನಮ್ಮ ದೇಶದ ತೇಗ, ನಮ್ಮ ದೇಶದ ಬೆತ್ತ, ಅಲ್ಲಿಯ ಬಡಗಿಗಳ ಕೈ ಇವುಗಳಿಂದಲೇ ಸಾವಿರಾರು ಕುರ್ಚಿಗಳು ಸಿದ್ಧವಾದವು. ಯೂಲಿ ಚೌಧರಿ ಮೊದಲಾದ ನಮ್ಮ ದೇಶದ ವಾಸ್ತುಶಿಲ್ಪಿಗಳೂ ಆ ಕಾರ್ಯದಲ್ಲಿ ಭಾಗಿಗಳಾಗಿದ್ದರು. ಬಡಗಿಗಳ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ.

ಇಬ್ಬದಿಯಲ್ಲಿ ಕವಲೊಡೆದ ದಪ್ಪ ಕಾಲುಗಳು, ಅಗಲವಾದ ಕೈ, ಬೆತ್ತದ ಬೆನ್ನು. ಈ ಕುರ್ಚಿಗಳು ಕಚೇರಿ, ನ್ಯಾಯಾಲಯ, ವಿಶ್ವವಿದ್ಯಾಲಯಗಳಲ್ಲಿ ದುಡಿದವು. ಯಾವ ಕಚೇರಿಯದೆಂಬ ಗುರುತನ್ನು ಅವುಗಳ ಬೆನ್ನ ಮೇಲೆ ಬಣ್ಣದಲ್ಲಿ ಬರೆದಿರುತ್ತಿದ್ದರು. ಕಾಲಾಂತರದಲ್ಲಿ ಬೆತ್ತ ಹರಿಯಿತು, ಕೀಲು ಸಡಿಲವಾಯಿತು. ಹೊಸ ಕುರ್ಚಿಗಳು ಬಂದಮೇಲೆ ಹಳೆಯವು ಮಾಳಿಗೆಗಳ ಮೇಲೂ ಅಂಗಳಗಳಲ್ಲಿಯೂ ರಾಶಿಯಾಗಿ ಬಿದ್ದವು. ಮುರುಕು ಸಾಮಾನಿನ ಹರಾಜಿನಲ್ಲಿ ಅಲ್ಪಬೆಲೆಗೆ ಹೋದವು. ಅವುಗಳ ಮಹತ್ತ್ವವನ್ನು ಬಲ್ಲ ಹೊರದೇಶದ ವ್ಯಾಪಾರಿಗಳು ಅವನ್ನು ಕೊಂಡು, ದುರಸ್ತು ಮಾಡಿಸಿ, ಯೂರೋಪು ಅಮೆರಿಕಾಗಳ ಹರಾಜುಗಳಲ್ಲಿ ಲಕ್ಷಗಟ್ಟಲೆ ರೂಪಾಯಿಗಳಿಗೆ ಮಾರಿದರು. ಕೇಂದ್ರ ಸರ್ಕಾರವು ಅವುಗಳ ಮಾರಾಟವನ್ನೂ ಸಾಗಣೆಯನ್ನೂ ತಡೆಯುವ ಆಜ್ಞೆ ಹೊರಡಿಸಿದುದು ೨೦೧೧ರಲ್ಲಿ. ಅಷ್ಟರೊಳಗೆ ಎಷ್ಟೋ ಕುರ್ಚಿಗಳು ಕಡಲು ದಾಟಿದ್ದವು.

೨೦೧೯ರಲ್ಲಿ ಕಸ್ಸೀನಾದವರು ಜಾನ್ನರೆಗೆ ಗೌರವವೆಂಬ ಹೆಸರಿನಲ್ಲಿ ಚಂಡೀಗಢದ ಮಾದರಿಯ ಸಂಗ್ರಹವೊಂದನ್ನು ಹೊರತಂದರು. ತೇಗ, ಬೆತ್ತ, ಅದೇ ಕವಲುಗಾಲು. ಇತ್ತ ನಮ್ಮ ಬೆಂಗಳೂರಿನಲ್ಲಿಯೇ ಫ್ಯಾಂಟಮ್ ಹ್ಯಾಂಡ್ಸ್ ಎಂಬ ಕಾರ್ಯಾಗಾರದವರೂ ಚಂಡೀಗಢದ ಕುರ್ಚಿಗಳನ್ನು ತೇಗ ಬೆತ್ತಗಳಿಂದ ಕೈಗೆಲಸದಲ್ಲಿ ಮತ್ತೆ ಮಾಡಿ ದೇಶವಿದೇಶಗಳಿಗೆ ಕಳುಹಿಸುತ್ತಿರುವರು. ಪಂಜಾಬಿನ ಹೆಸರಿಲ್ಲದ ಬಡಗಿಯ ಕುರ್ಚಿಯು ಗುಜರಿಗೆ ಬಿದ್ದು, ಕಡಲು ದಾಟಿ, ಮ್ಯೂಸಿಯಮ್ಮುಗಳನ್ನು ಸೇರಿ, ಕಟ್ಟಕಡೆಗೆ ಗುರುಗಳ ಸಾಲಿನಲ್ಲಿ ಹಿಂದಿರುಗಿತು. ಅದು ನಮ್ಮ ಕಚೇರಿಯ ಅಂಗಳದಲ್ಲಿ ಮಳೆಯಲ್ಲಿ ನೆನೆಯುತ್ತಿದ್ದಾಗ ಅದರ ಪಕ್ಕದಲ್ಲಿ ನಡೆದುಹೋದವರು ನಮ್ಮಂತಹವರೇ ಅಲ್ಲವೆ?

ಗೃಹಸ್ಥರಿಗೆ ಎರಡು ಮಾತು

ಇಟಲಿಯ ಆಸನಗಳನ್ನು ಕೊಳ್ಳಿರೆಂದು ನಾವು ಹೇಳುವುದಿಲ್ಲ. ನಮಗೂ ಅದು ಶಕ್ಯವಿಲ್ಲ. ಆದರೆ ಅಲ್ಲಿಯವರು ಹಳೆಯ ಕುರ್ಚಿಯನ್ನು ನೋಡುವ ಕಣ್ಣನ್ನು ನಾವು ಖರ್ಚಿಲ್ಲದೆ ಪಡೆಯಬಹುದು.

ಹಳೆಯದೊಂದನ್ನು ಹೊರಹಾಕುವ ಮೊದಲು ಅದನ್ನು ತಲೆಕೆಳಗು ಮಾಡಿ ನೋಡಿ. ಹರಿದಿರುವುದು ಬೆತ್ತವೋ, ಸಡಿಲವಾಗಿರುವುದು ಕೀಲೋ, ಹುಳು ಹಿಡಿದಿರುವುದು ಮರವೋ ಎಂಬುದನ್ನು ಬೇರ್ಪಡಿಸಿ. ಬೆತ್ತವು ಹರಿಯುವುದಕ್ಕೆಂದೇ ಇರುವುದು. ಅದನ್ನು ಬದಲಿಸಿದರೆ ಚೌಕಟ್ಟು ಇನ್ನೊಂದು ತಲೆಮಾರು ನಡೆಯುವುದು. ಕೀಲಿಗೆ ಮೊಳೆ ಹೊಡೆಯಬೇಡಿ. ಮೊಳೆಯು ಮರವನ್ನು ಸೀಳಿ ಮುಂದಿನ ದುರಸ್ತಿಯನ್ನೂ ಕೆಡಿಸುವುದು. ಬಿಚ್ಚಿ, ಹಳೆಯ ಅಂಟನ್ನು ಕೆರೆದು, ಹೊಸ ಅಂಟಿನಿಂದ ಬಿಗಿಸುವುದೇ ಸರಿಯಾದ ಕ್ರಮ. ಮರದ ತಿರುಳಿಗೇ ಹುಳು ಇಳಿದಿದ್ದರೆ ಮಾತ್ರ ಆಸೆ ಬಿಡಬೇಕಾದೀತು. ಹೊಸದನ್ನು ಕೊಳ್ಳುವಾಗಲೂ ಒಂದೇ ಪ್ರಶ್ನೆ ಕೇಳಿ: ಇದು ಮುರಿದರೆ ರಿಪೇರಿ ಮಾಡಬಲ್ಲವರು ನಮ್ಮ ಊರಿನಲ್ಲಿ ಇರುವರೋ?

ನಾವು ನಮ್ಮ ಕುರ್ಚಿಯನ್ನು ಅಟ್ಟದಿಂದ ಇಳಿಸಿ, ಬೆತ್ತ ಹೆಣೆಯುವವರನ್ನು ಹುಡುಕಿಕೊಂಡು ಹೋದೆವು. ಹಿಂದೆ ಬೀದಿಗೊಬ್ಬರಿದ್ದರು, ಅಂಧರ ಶಾಲೆಗಳಲ್ಲಿಯೂ ಈ ವಿದ್ಯೆಯನ್ನು ಕಲಿಸುತ್ತಿದ್ದರು. ಈಗ ಮೂರು ಪೇಟೆಗಳನ್ನು ಸುತ್ತಿದ ಮೇಲೆ ವಯಸ್ಸಾದ ಒಬ್ಬರು ದೊರೆತರು. ಅವರು ಬೆತ್ತದ ಎಳೆಗಳನ್ನು ನೀರಿನಲ್ಲಿ ನೆನೆಹಾಕಿ, ಚೌಕಟ್ಟಿನ ರಂಧ್ರಗಳಲ್ಲಿ ಪೋಣಿಸಿ, ಮೊದಲು ಉದ್ದಕ್ಕೆ, ಬಳಿಕ ಅಡ್ಡಕ್ಕೆ, ಆಮೇಲೆ ಮೂಲೆಯಿಂದ ಮೂಲೆಗೆ ಹೆಣೆದರು. ಎಳೆಯು ಜಾರದಂತೆ ಸಣ್ಣ ಗೂಟಗಳನ್ನು ರಂಧ್ರಗಳಿಗೆ ತುರುಕುತ್ತಿದ್ದರು. ಮೂರು ದಿನಗಳ ಕೆಲಸ. ಅವರು ಹೇಳಿದ ಕೂಲಿಯನ್ನು ನಾವು ಚೌಕಾಸಿ ಮಾಡಲಿಲ್ಲ. ಕುರ್ಚಿಯನ್ನು ತಿರುಗಿಸಿ ನೋಡಿ ಅವರು, "ಇದರ ಜೊತೆಯದು ಇರಬೇಕಲ್ಲ, ಸ್ವಾಮಿ? ಇಂಥವನ್ನು ಒಂದೇ ಮಾಡುತ್ತಿರಲಿಲ್ಲ" ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಈಗ ಆ ಕುರ್ಚಿಯು ಮತ್ತೆ ಪಡಸಾಲೆಯಲ್ಲಿದೆ. ಅದರ ಬಲಗೈಯ ತುದಿಯಲ್ಲಿ ಮರವು ಸ್ವಲ್ಪ ಸವೆದು ತಗ್ಗಾಗಿದೆ. ತಾತನವರು ಅಲ್ಲಿ ಬೆರಳಿಟ್ಟುಕೊಂಡು ಕೂಡುತ್ತಿದ್ದರಂತೆ. ಹೆಣೆದವರು ಅದನ್ನು ಉಜ್ಜಿ ಸಮ ಮಾಡಲೆ ಎಂದು ಕೇಳಿದಾಗ ನಮ್ಮ ತಾಯಿಯವರು ಬೇಡವೆಂದರು. ಸಂಜೆಯ ಹೊತ್ತು ಅವರು ಅದರಲ್ಲಿ ಕುಳಿತು ಪತ್ರಿಕೆ ಓದುವಾಗ ಅವರ ಬೆರಳೂ ಅಲ್ಲಿಗೇ ಹೋಗುತ್ತದೆ.

ಮೊದಲನೆಯ ಕುರ್ಚಿಯು ಎಲ್ಲಿದೆಯೋ, ಯಾರ ಒಲೆಗೆ ಸೌದೆಯಾಯಿತೋ ನಾವರಿಯೆವು. ವಾಚಕರ ಮನೆಯ ಅಟ್ಟದಲ್ಲಿ ಅಂತಹುದೊಂದಿದ್ದರೆ, ಬೀದಿಯಲ್ಲಿ ಹಳೆಯ ಸಾಮಾನಿನವನ ಕೂಗು ಕೇಳಿಸಿದಾಗ, ಅದನ್ನು ಕೆಳಗಿಳಿಸುವ ಮುನ್ನ ಮನೆಯ ಹಿರಿಯರನ್ನು ಒಂದು ಮಾತು ಕೇಳಬೇಕೆಂಬುದೇ ನಮ್ಮ ಪ್ರಾರ್ಥನೆ.